ಅಲ್ಪಪಿಷ್ಟ ಆಹಾರವೂ ದೀರ್ಘಾಯುಷ್ಯವೂ: ಸಾಕ್ಷ್ಯಗಳ ಒಂದು ವಿಮರ್ಶೆ

ಆಹಾರದಲ್ಲಿ ಅನ್ನ, ಮುದ್ದೆ, ರೊಟ್ಟಿ, ಗೆಣಸು, ಸಕ್ಕರೆಗಳ ಅಂಶವನ್ನು ತೀರ ಕಡಮೆಮಾಡಿ, ಆ ಸ್ಥಾನದಲ್ಲಿ ಮಾಂಸ, ಮೊಟ್ಟೆ, ಬೆಣ್ಣೆ, ಎಣ್ಣೆಬೀಜ ಮೊದಲಾದುವನ್ನು ಸೇವಿಸಿದರೆ ದೇಹದ ಭಾರ ಇಳಿಯುವುದಲ್ಲದೆ ಮುಪ್ಪೂ ಹಿಂದೆ ಸರಿದು ಆಯುಸ್ಸು ಬೆಳೆಯುತ್ತದೆ ಎಂಬ ವಾದವು ಈಚೆಗೆ ವಿದ್ಯಾವಂತರಲ್ಲಿ ಬಹುವಾಗಿ ಹಬ್ಬಿದೆ. ಕಾರ್ಬೋಹೈಡ್ರೇಟ್ ಎಂದು ರಸಾಯನಶಾಸ್ತ್ರಜ್ಞರು ಕರೆಯುವ ಶರ್ಕರಪಿಷ್ಟಗಳೇ ಈ ವಾದದಲ್ಲಿ ಆರೋಪಿಯ ಸ್ಥಾನದಲ್ಲಿ ನಿಂತಿವೆ. ಇದಕ್ಕೆ ಪ್ರತಿಯಾಗಿ, ಅಂಥ ಆಹಾರವು ಹೃದಯವನ್ನು ಕೆಡಿಸಿ ಆಯುಸ್ಸನ್ನು ಕಡಿಮೆಮಾಡುತ್ತದೆ ಎಂಬ ವಾದವೂ ಅಷ್ಟೇ ಆವೇಶದಿಂದ ಕೇಳಿಬರುತ್ತಿದೆ. ಎರಡು ಪಕ್ಷದವರೂ ಇತಿಹಾಸದಿಂದ ಸಾಕ್ಷಿಗಳನ್ನು ಕರೆತರುತ್ತಾರೆ. ಆ ಸಾಕ್ಷಿಗಳ ಯೋಗ್ಯತೆಯನ್ನು ಪರಿಶೀಲಿಸುವುದೇ ಪ್ರಕೃತ ಲೇಖನದ ಉದ್ದೇಶ.

ನಾವು ವೈದ್ಯರಲ್ಲ, ಔಷಧ ಪಥ್ಯಗಳನ್ನು ವಿಧಿಸುವ ಅಧಿಕಾರ ನಮಗಿಲ್ಲ. ಆದರೆ ಸಾಕ್ಷ್ಯದ ಪರೀಕ್ಷೆ ಇತಿಹಾಸ ವಿದ್ಯಾರ್ಥಿಯ ನಿತ್ಯದ ಕೆಲಸ. ಒಂದು ತಾಮ್ರಶಾಸನ ಕೈಗೆ ಬಂದರೆ ನಾವು ಮೊದಲು ಕೇಳುವ ಪ್ರಶ್ನೆಗಳು ನಾಲ್ಕು: ಇದನ್ನು ಬರೆದವರಾರು? ಯಾವಾಗ ಬರೆದರು? ಅವರು ಕಣ್ಣಾರೆ ಕಂಡದ್ದೆಷ್ಟು, ಕೇಳಿ ಹೇಳಿದ್ದೆಷ್ಟು? ಬರೆಯಿಸಿದವರಿಗೆ ಇದರಿಂದ ಏನು ಪ್ರಯೋಜನ? ಗಂಗರ ತಾಮ್ರಪಟಗಳಲ್ಲಿ ಹಲವನ್ನು ಫ್ಲೀಟನು ಕೂಟಶಾಸನಗಳೆಂದು ತಳ್ಳಿಹಾಕಿದ್ದು ಇಂಥ ಪ್ರಶ್ನೆಗಳ ಬಲದಿಂದಲೇ. ಅದೇ ಪ್ರಶ್ನೆಗಳನ್ನು ಅಲ್ಪಪಿಷ್ಟ ಆಹಾರದ ಸಾಕ್ಷಿಗಳಿಗೂ ಹಾಕಿದರೆ ತಪ್ಪೇನೂ ಇಲ್ಲ.

ವಿಮರ್ಶೆಗೆ ತೊಡಗುವ ಮುನ್ನ ಒಂದು ವಿಂಗಡಣೆ ಅವಶ್ಯಕ. ಈ ವಾದದಲ್ಲಿ ವಾಸ್ತವವಾಗಿ ಎರಡು ಪ್ರತಿಜ್ಞೆಗಳು ಬೆರೆತಿವೆ. ಪಿಷ್ಟವನ್ನು ಕಡಮೆಮಾಡಿದರೆ ಕೆಲವು ತಿಂಗಳಲ್ಲಿ ದೇಹಭಾರವೂ ರಕ್ತದ ಸಕ್ಕರೆಯೂ ಇಳಿಯುತ್ತವೆ ಎಂಬುದು ಮೊದಲನೆಯದು. ಹಾಗೆ ಬಾಳಿದವನು ಹೆಚ್ಚುಕಾಲ, ಆರೋಗ್ಯವಾಗಿ ಬದುಕುತ್ತಾನೆ ಎಂಬುದು ಎರಡನೆಯದು. ಮೊದಲನೆಯದಕ್ಕೆ ಒದಗಿರುವ ಪ್ರಮಾಣವನ್ನು ಎರಡನೆಯದರ ಲೆಕ್ಕಕ್ಕೆ ಜಮಾ ಮಾಡುವುದೇ ಈ ಸಾಹಿತ್ಯದ ಮುಖ್ಯ ದೋಷವೆಂದು ನಮ್ಮ ಅಭಿಪ್ರಾಯ.

1

ಅಲ್ಪಪಿಷ್ಟ ಆಹಾರದ ಮೊದಲ ಜನಪ್ರಿಯ ಗ್ರಂಥವೆಂದು ಎಲ್ಲರೂ ಹೆಸರಿಸುವುದು ವಿಲಿಯಂ ಬಾಂಟಿಂಗನು 1863ರಲ್ಲಿ ಲಂಡನ್ನಿನಲ್ಲಿ ಪ್ರಕಟಿಸಿದ ಸ್ಥೂಲಕಾಯವನ್ನು ಕುರಿತ ಪತ್ರವನ್ನು. ಬಾಂಟಿಂಗನು ವೈದ್ಯನಲ್ಲ; ಶವಸಂಸ್ಕಾರದ ಏರ್ಪಾಡು ಮಾಡುವುದು ಅವನ ಮನೆತನದ ವೃತ್ತಿ. 1852ರಲ್ಲಿ ವೆಲಿಂಗ್ಟನ್ ಡ್ಯೂಕನ ಅಂತ್ಯಯಾತ್ರೆಯ ವ್ಯವಸ್ಥೆ ಮಾಡಿದ್ದು ಅವನ ಸಂಸ್ಥೆಯೇ. ಅರುವತ್ತು ದಾಟಿದ ಈ ಮನುಷ್ಯ ಐದಡಿ ಐದಂಗುಲ ಎತ್ತರವಿದ್ದು, 1862ರ ಆಗಸ್ಟಿನಲ್ಲಿ 202 ಪೌಂಡು ತೂಗುತ್ತಿದ್ದನು. ದೋಣಿ ಹುಟ್ಟುಹಾಕುವುದು, ಕುದುರೆ ಸವಾರಿ, ಉಗಿಸ್ನಾನ ಎಲ್ಲವನ್ನೂ ಮಾಡಿ ಸೋತಿದ್ದನು. ಕಿವಿ ಮಂದವಾಯಿತೆಂದು ವಿಲಿಯಂ ಹಾರ್ವೆ ಎಂಬ ಶಸ್ತ್ರವೈದ್ಯನ ಬಳಿಗೆ ಹೋದಾಗ, ಆ ವೈದ್ಯನು ರೊಟ್ಟಿ, ಬೆಣ್ಣೆ, ಹಾಲು, ಸಕ್ಕರೆ, ಬಿಯರು, ಆಲೂಗಡ್ಡೆಗಳನ್ನು ಬಿಡುವಂತೆ ವಿಧಿಸಿದನು. ಯಕೃತ್ತಿನಲ್ಲಿ ಸಕ್ಕರೆ ಉತ್ಪತ್ತಿಯಾಗುವ ವಿಷಯವಾಗಿ ಕ್ಲಾಡ್ ಬರ್ನಾರ್ಡನು ಪ್ಯಾರಿಸಿನಲ್ಲಿ ಮಾಡಿದ ಉಪನ್ಯಾಸಗಳನ್ನು ಹಾರ್ವೆ 1856ರಲ್ಲಿ ಕೇಳಿದ್ದನು. ಮಧುಮೇಹಕ್ಕೆ ಹೇಳಿದ ಪಥ್ಯ ಸ್ಥೂಲಕಾಯಕ್ಕೂ ಹೊಂದೀತೆಂದು ಅವನು ಊಹಿಸಿದನು. ಸುಮಾರು ಒಂದು ವರ್ಷದಲ್ಲಿ ಬಾಂಟಿಂಗನ ತೂಕ 46 ಪೌಂಡು ಇಳಿಯಿತು.

ಬಾಂಟಿಂಗನ ಪ್ರಾಮಾಣಿಕತೆಯನ್ನು ಶಂಕಿಸಲು ಕಾರಣವಿಲ್ಲ. ಅವನು ಪತ್ರವನ್ನು ಮೊದಲು ಸ್ವಂತ ಖರ್ಚಿನಲ್ಲಿ ಅಚ್ಚುಹಾಕಿಸಿ ಬಿಟ್ಟಿಯಾಗಿ ಹಂಚಿದನು. ಬೇಡಿಕೆ ಹೆಚ್ಚಿದ ಮೇಲೆ ಬೆಲೆಗೆ ಮಾರಿದರೂ ಬಂದ ಲಾಭವನ್ನು ಧರ್ಮಕಾರ್ಯಗಳಿಗೆ ಕೊಟ್ಟನು. ಕಾಲಕಾಲಕ್ಕೆ ತೂಗಿ ಬರೆದ ಪಟ್ಟಿಯೂ ಪತ್ರದಲ್ಲಿದೆ. ಇಂಗ್ಲಿಷಿನಲ್ಲಿ ಅವನ ಹೆಸರಿನಿಂದಲೇ ಒಂದು ಕ್ರಿಯಾಪದ ಹುಟ್ಟಿತು. ಸ್ವೀಡಿಷ್ ಭಾಷೆಯಲ್ಲಿ ಮೈಯಿಳಿಸಲು ಪಥ್ಯಮಾಡುವುದಕ್ಕೆ ಇಂದಿಗೂ 'ಬಾಂಟ' ಎಂಬ ಮಾತೇ ಬಳಕೆಯಲ್ಲಿದೆ.

ಆದರೂ ಆ ಪತ್ರವು ಏನನ್ನು ಸಾಧಿಸುತ್ತದೆ ಎಂಬುದನ್ನು ನಿಷ್ಠುರವಾಗಿ ನೋಡಬೇಕು. ಮೊದಲನೆಯದಾಗಿ, ಬಾಂಟಿಂಗನ ಊಟದ ಪಟ್ಟಿಯಲ್ಲಿ ಮಾಂಸ ಮೀನುಗಳೆಲ್ಲ ಔನ್ಸುಗಳ ಲೆಕ್ಕದಲ್ಲಿ ನಿಗದಿಯಾಗಿವೆ: ಬೆಳಗ್ಗೆ ನಾಲ್ಕೈದು ಔನ್ಸು, ಮಧ್ಯಾಹ್ನ ಐದಾರು ಔನ್ಸು, ರಾತ್ರಿ ಮೂರುನಾಲ್ಕು ಔನ್ಸು. ಪಿಷ್ಟ ಮಾತ್ರವಲ್ಲ, ಒಟ್ಟು ಆಹಾರವೂ ಮಿತಿಗೊಳಗಾಗಿತ್ತು. ಇಳಿದ 46 ಪೌಂಡಿನಲ್ಲಿ ಯಾವುದರ ಪಾಲು ಎಷ್ಟು ಎಂಬುದನ್ನು ಈ ದಾಖಲೆಯಿಂದ ಬಿಡಿಸಲಾಗದು. ಎರಡನೆಯದಾಗಿ, ಒಂದು ಔನ್ಸು ಒಣರೊಟ್ಟಿ, ಹಣ್ಣು, ದಿನವೂ ಕೆಲವು ಬಟ್ಟಲು ದ್ರಾಕ್ಷಾಮದ್ಯ ಆ ಪಟ್ಟಿಯಲ್ಲಿ ಉಳಿದೇ ಇದ್ದುವು. ಅದನ್ನು ಇಂದಿನ ಕಟ್ಟುನಿಟ್ಟಿನ ಪಿಷ್ಟವರ್ಜಿತ ಆಹಾರದ ಪೂರ್ವಜನೆಂದು ಕರೆಯುವವರು ಪತ್ರವನ್ನು ಪೂರ್ತಿ ಓದಿಲ್ಲ. ಮೂರನೆಯದಾಗಿ, ಮುಖ್ಯವಾಗಿ, ಪತ್ರವು ಸಾಕ್ಷ್ಯ ನುಡಿಯುವುದು ಒಂದು ವರ್ಷದ ಅನುಭವವನ್ನು ಕುರಿತು. ಬಾಂಟಿಂಗನು 1878ರಲ್ಲಿ, 81ನೆಯ ವಯಸ್ಸಿನಲ್ಲಿ ತೀರಿಕೊಂಡನು ಎಂಬ ಸಂಗತಿಯನ್ನು ಅವನ ಅನುಯಾಯಿಗಳು ಈ ಪತ್ರದೊಂದಿಗೆ ಸೇರಿಸಿ ಹೇಳುವುದುಂಟು. ಪಥ್ಯಕ್ಕೆ ಮುಂಚೆಯೇ ಅವನು ಅರುವತ್ತೈದು ವರ್ಷಗಳನ್ನು ರೊಟ್ಟಿ ಬಿಯರುಗಳ ಮೇಲೆ ಕಳೆದಿದ್ದನೆಂಬುದನ್ನು ಮಾತ್ರ ಅವರು ಹೇಳುವುದಿಲ್ಲ.

2

ಎರಡನೆಯ ಸಾಕ್ಷಿ ವಿಲ್ಯಾಲ್ಮುರ್ ಸ್ಟೆಫಾನ್ಸನ್ ಎಂಬ ಉತ್ತರಧ್ರುವ ಪ್ರದೇಶದ ಅನ್ವೇಷಕ. ಹಿಂದೆ ಎಸ್ಕಿಮೊಗಳೆಂದು ಕರೆಯುತ್ತಿದ್ದ ಇನುಯಿಟ್ ಜನರೊಡನೆ ಹಲವು ವರ್ಷ ಬಾಳಿ, ಮೀನು ಮಾಂಸಗಳ ಮೇಲೆಯೇ ಆರೋಗ್ಯವಾಗಿರಬಹುದೆಂದು ಅವನು ಕಂಡುಕೊಂಡನು. ವಿದ್ವಾಂಸರು ನಂಬಲಿಲ್ಲ. 1928ರಲ್ಲಿ ನ್ಯೂಯಾರ್ಕಿನ ಬೆಲ್‌ವ್ಯೂ ಆಸ್ಪತ್ರೆಯಲ್ಲಿ, ವಿಜ್ಞಾನಿಗಳ ಮೇಲ್ವಿಚಾರಣೆಯಲ್ಲಿ, ಅವನೂ ಅವನ ಸಂಗಾತಿ ಕಾರ್ಸ್ಟೆನ್ ಆಂಡರ್ಸನನೂ ಒಂದು ವರ್ಷ ಬರಿಯ ಮಾಂಸಾಹಾರದ ಮೇಲೆ ಬಾಳಲು ಒಪ್ಪಿದರು. ಮೊದಲ ಕೆಲವು ವಾರ ಆಸ್ಪತ್ರೆಯ ಕಾವಲಿನಲ್ಲಿದ್ದು, ಆಮೇಲೆ ಹೊರಗಿದ್ದು ಪ್ರಯೋಗವನ್ನು ಮುಗಿಸಿದರು. ಮ್ಯಾಕ್ಲೆಲನ್ ಮತ್ತು ಡುಬ್ವಾ ಎಂಬ ವೈದ್ಯರು 1930ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಇಬ್ಬರಿಗೂ ಮೂತ್ರಪಿಂಡದ ಹಾನಿಯಾದ ಕುರುಹು ಕಾಣಲಿಲ್ಲ. ರಕ್ತದ ಒತ್ತಡ ಏರಲಿಲ್ಲ.

ಈ ವರದಿಯ ಬೆಲೆ ಕಡಮೆಯದಲ್ಲ. ಮಾಂಸ ತಿಂದವನು ಕೆಲವು ತಿಂಗಳಲ್ಲೇ ಕಾಯಿಲೆ ಬೀಳುತ್ತಾನೆಂಬ ಅಂದಿನ ನಂಬಿಕೆಯನ್ನು ಅದು ಮುರಿಯಿತು. ಅದರಲ್ಲಿಯೇ ಇನ್ನೊಂದು ಪಾಠವೂ ಇದೆ. ಪ್ರಯೋಗದ ಆದಿಯಲ್ಲಿ ಕೊಬ್ಬಿಲ್ಲದ ಮಾಂಸವನ್ನು ಮಾತ್ರ ಕೊಟ್ಟಾಗ ಸ್ಟೆಫಾನ್ಸನನಿಗೆ ಕೂಡಲೆ ಅಸ್ವಸ್ಥತೆಯಾಯಿತು. ಕೊಬ್ಬನ್ನು ಸೇರಿಸಿದ ಮೇಲೆ ಚೇತರಿಸಿಕೊಂಡನು. ಮಾಂಸಾಹಾರವೆಂದು ಹೆಸರಾದ ಆ ಆಹಾರದ ಶಕ್ತಿಯಲ್ಲಿ ಮುಕ್ಕಾಲು ಪಾಲಿಗೂ ಮಿಕ್ಕು ಕೊಬ್ಬಿನಿಂದಲೇ ಬಂದದ್ದು. ಹೆಸರೊಂದು, ವಸ್ತುವೊಂದು.

ಈಗ ನಮ್ಮ ನಾಲ್ಕು ಪ್ರಶ್ನೆಗಳನ್ನು ಹಾಕೋಣ. ಪ್ರಯೋಗಕ್ಕೆ ಹಣ ಒದಗಿಸಿದ್ದು ಅಮೆರಿಕದ ಮಾಂಸ ವ್ಯಾಪಾರಿಗಳ ಸಂಘ. ಹಣ ಕೊಟ್ಟವರನ್ನು ನೋಡಿ ವರದಿ ಸುಳ್ಳೆಂದು ತೀರ್ಮಾನಿಸುವುದು ಅವಸರವಾದೀತು. ದಾನಿಯ ಹೆಸರು ಶಾಸನದಲ್ಲಿದ್ದ ಮಾತ್ರಕ್ಕೆ ದಾನ ನಡೆಯಲಿಲ್ಲವೆಂದು ಹೇಳಲಾಗದು. ಆದರೆ ಯಾವ ಪ್ರಶ್ನೆಯನ್ನು ಕೇಳಬೇಕು, ಯಾವುದನ್ನು ಕೇಳದೆ ಬಿಡಬೇಕು ಎಂಬುದರ ಮೇಲೆ ಹಣದ ಪ್ರಭಾವ ಬೀಳಬಹುದು. ಇದು ಒಂದೇ ಪಕ್ಷದ ರೋಗವಲ್ಲ. ಹೃದ್ರೋಗಕ್ಕೆ ಸಕ್ಕರೆಗಿಂತ ಕೊಬ್ಬೇ ಕಾರಣವೆಂದು ಒತ್ತಿಹೇಳಿದ, 1967ರಲ್ಲಿ ಪ್ರಕಟವಾದ ಹಾರ್ವರ್ಡ್ ವಿದ್ವಾಂಸರ ಸಮೀಕ್ಷೆಗೆ ಸಕ್ಕರೆ ಉದ್ಯಮದವರು ಗುಟ್ಟಾಗಿ ಹಣ ಕೊಟ್ಟಿದ್ದರೆಂಬುದು 2016ರಲ್ಲಿ ಹಳೆಯ ಕಾಗದಪತ್ರಗಳಿಂದ ಬೆಳಕಿಗೆ ಬಂತು.

ಸ್ಟೆಫಾನ್ಸನನ ಮುಂದಿನ ವಾದಗಳು ಇನ್ನೂ ದುರ್ಬಲವಾದುವು. ತನ್ನ ಕೊನೆಗಾಲದಲ್ಲಿ ಅವನು ಕ್ಯಾನ್ಸರನ್ನು ನಾಗರಿಕತೆಯ ರೋಗವೆಂದು ವಾದಿಸುವ ಪುಸ್ತಕವನ್ನೂ ಬರೆದನು. ಧ್ರುವಪ್ರದೇಶದವರಲ್ಲಿ ಆ ರೋಗ ಕಾಣದಿದ್ದುದೇ ಅದಕ್ಕೆ ಆಧಾರ. ಆದರೆ ಜನನದ ದಾಖಲೆಗಳೇ ಇಲ್ಲದ ಸಮಾಜದಲ್ಲಿ ಯಾರು ಎಷ್ಟು ವರ್ಷ ಬದುಕಿದರೆಂದು ಗೊತ್ತುಮಾಡುವುದು ಹೇಗೆ? ಮುಪ್ಪಿನ ರೋಗಗಳು ಕಾಣದಿರಲು ಮುಪ್ಪು ತಲಪಿದವರು ವಿರಳವಾಗಿದ್ದುದೂ ಕಾರಣವಾಗಿರಬಹುದಷ್ಟೆ. ಗ್ರೀನ್‌ಲೆಂಡಿನ ಹದಿನಾರನೆಯ ಶತಮಾನದ ಇನುಯಿಟ್ ಶವಗಳನ್ನು ಸಿ.ಟಿ. ಯಂತ್ರದಿಂದ ಪರೀಕ್ಷಿಸಿದ ವಿದ್ವಾಂಸರು ಕೆಲವರ ರಕ್ತನಾಳಗಳಲ್ಲಿ ಸುಣ್ಣಗಟ್ಟಿದ ಗುರುತುಗಳನ್ನು ಕಂಡದ್ದಾಗಿ 2019ರಲ್ಲಿ ಪ್ರಕಟಿಸಿದರು. ಇದಲ್ಲದೆ ಕೊಬ್ಬನ್ನು ದಹಿಸುವ ಒಂದು ಕಿಣ್ವದ ವಿಷಯದಲ್ಲಿ ಧ್ರುವಪ್ರದೇಶದ ಜನರ ಆನುವಂಶಿಕ ರಚನೆಯೇ ಬಹುಮಟ್ಟಿಗೆ ಬೇರೆ ಎಂದು ಈಗ ತಿಳಿದಿದೆ. ಅವರ ದೇಹಕ್ಕೆ ಒಗ್ಗಿದ್ದು ಅಕ್ಕಿ ರಾಗಿಗಳ ಮೇಲೆ ತಲೆತಲಾಂತರದಿಂದ ಬಾಳಿದವರಿಗೆ ಒಗ್ಗೀತೆಂದು ಊಹೆಯಿಂದ ಹೇಳಲಾಗದು.

3

ಮೂರನೆಯ ಸಾಕ್ಷಿ ನಮ್ಮ ಕಾಲಕ್ಕೆ ಸಮೀಪದವನು. ರಾಬರ್ಟ್ ಅಟ್ಕಿನ್ಸ್ ಎಂಬ ಅಮೆರಿಕದ ಹೃದ್ರೋಗ ವೈದ್ಯನು 1972ರಲ್ಲಿ ಪ್ರಕಟಿಸಿದ ಪುಸ್ತಕ ಲಕ್ಷಾಂತರ ಪ್ರತಿಗಳು ಮಾರಾಟವಾಗಿ ಅಲ್ಪಪಿಷ್ಟ ಆಹಾರವನ್ನು ಮನೆಮಾತು ಮಾಡಿತು. 1973ರಲ್ಲಿ ಅಮೆರಿಕದ ವೈದ್ಯಸಂಘವು ಅದನ್ನು ಕಟುವಾಗಿ ಖಂಡಿಸಿತು. 2003ರ ಏಪ್ರಿಲಿನಲ್ಲಿ ನ್ಯೂಯಾರ್ಕಿನ ಹಿಮಗಟ್ಟಿದ ಕಾಲುದಾರಿಯಲ್ಲಿ ಜಾರಿಬಿದ್ದು, ತಲೆಗೆ ಪೆಟ್ಟಾಗಿ, ಅಟ್ಕಿನ್ಸನು 72ನೆಯ ವಯಸ್ಸಿನಲ್ಲಿ ತೀರಿಕೊಂಡನು. ಮರಣಕಾಲದ ಅವನ ದೇಹಭಾರದ ದಾಖಲೆ ಮರುವರ್ಷ ಪತ್ರಿಕೆಗಳಲ್ಲಿ ಬಹಿರಂಗವಾದಾಗ ವಿರೋಧಿಗಳು ಹಿಗ್ಗಿದರು. ಆಸ್ಪತ್ರೆಯಲ್ಲಿ ಪ್ರಜ್ಞೆಯಿಲ್ಲದೆ ಮಲಗಿದ್ದಾಗ ಮೈಯಲ್ಲಿ ನೀರು ತುಂಬಿ ತೂಕ ಏರಿತೆಂದು ಬೆಂಬಲಿಗರು ಉತ್ತರ ಕೊಟ್ಟರು.

ಈ ಜಗಳವೇ ವಿಮರ್ಶೆಗೆ ಯೋಗ್ಯವಾದುದು. ಬಾಂಟಿಂಗನು 81 ವರ್ಷ, ಸ್ಟೆಫಾನ್ಸನನು 82 ವರ್ಷ, ಅಟ್ಕಿನ್ಸನು 72 ವರ್ಷ ಬದುಕಿದರು. ಮೊದಲಿಬ್ಬರ ಆಯುಸ್ಸು ಪಥ್ಯದ ಹಿರಿಮೆಯನ್ನಾಗಲಿ, ಮೂರನೆಯವನ ಬೀಳು ಅದರ ಕೇಡನ್ನಾಗಲಿ ತೋರಿಸುವುದಿಲ್ಲ. ಪ್ರವರ್ತಕನ ಮರಣದಿಂದ ಮತದ ಸತ್ಯಾಸತ್ಯವನ್ನು ನಿರ್ಣಯಿಸುವ ಪದ್ಧತಿ ಪುರಾಣಗಳಿಗೆ ಸಲ್ಲುತ್ತದೆ, ಇತಿಹಾಸಕ್ಕೆ ಸಲ್ಲದು. ಒಬ್ಬ ವ್ಯಕ್ತಿಯ ಬಾಳು ಸಾವಿರ ಕಾರಣಗಳ ಸಂಗಮ. ಅದರಿಂದ ಒಂದು ಎಳೆಯನ್ನು ಎಳೆದು ತೆಗೆಯಬೇಕಾದರೆ ಬಹುಸಂಖ್ಯೆಯ ಜನರನ್ನು ಬಹುಕಾಲ ಗಮನಿಸಬೇಕು.

ಜನರನ್ನು ಗುಂಪುಗಳಾಗಿ ವಿಂಗಡಿಸಿ ನಡೆಸಿದ ಪ್ರಯೋಗಗಳೂ ಇವೆ. ಇಸ್ರೇಲಿನ ಡಿಮೋನಾದಲ್ಲಿ 322 ಮಂದಿಯ ಮೇಲೆ ಎರಡು ವರ್ಷ ನಡೆದು 2008ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಅಲ್ಪಪಿಷ್ಟದವರ ತೂಕ ಸರಾಸರಿ 4.7 ಕಿಲೋಗ್ರಾಂ, ಅಲ್ಪಮೇದಸ್ಸಿನವರ ತೂಕ 2.9 ಕಿಲೋಗ್ರಾಂ ಇಳಿಯಿತು. ಮೆಡಿಟರೇನಿಯನ್ ದೇಶಗಳ ರೀತಿಯಲ್ಲಿ ಉಂಡವರದು 4.4. ಸ್ಟ್ಯಾನ್‌ಫರ್ಡಿನಲ್ಲಿ 609 ಮಂದಿಯ ಮೇಲೆ ಒಂದು ವರ್ಷ ನಡೆದು 2018ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಅಲ್ಪಪಿಷ್ಟದವರು 6.0, ಅಲ್ಪಮೇದಸ್ಸಿನವರು 5.3 ಕಿಲೋಗ್ರಾಂ ಇಳಿದರು. ಈ ವ್ಯತ್ಯಾಸ ಲೆಕ್ಕಕ್ಕೆ ಬರುವಂಥದಲ್ಲ. ಮಧುಮೇಹಿಗಳ ವಿಷಯದಲ್ಲಿ 23 ಪ್ರಯೋಗಗಳನ್ನು ಒಟ್ಟುಗೂಡಿಸಿ 2021ರಲ್ಲಿ ಮಾಡಿದ ಸಮೀಕ್ಷೆ ಹೆಚ್ಚು ಆಶಾದಾಯಕವಾಗಿದೆ. ಆರು ತಿಂಗಳ ಹೊತ್ತಿಗೆ ಸಕ್ಕರೆ ಹತೋಟಿಗೆ ಬಂದು ರೋಗ ಶಮನವಾದವರು ಅಲ್ಪಪಿಷ್ಟದ ಗುಂಪಿನಲ್ಲಿ ನೂರಕ್ಕೆ 57, ಇತರರಲ್ಲಿ ನೂರಕ್ಕೆ 31. ವರ್ಷ ತುಂಬುವ ವೇಳೆಗೆ ಈ ಅಂತರ ಕುಗ್ಗಿತು.

ಇವೆಲ್ಲ ಗೌರವಕ್ಕೆ ಅರ್ಹವಾದ ಪ್ರಯೋಗಗಳು. ನಾವು ಮೊದಲನೆಯ ಪ್ರತಿಜ್ಞೆ ಎಂದು ಕರೆದುದಕ್ಕೆ ಇವು ಗಟ್ಟಿಯಾದ ಆಧಾರ. ಎರಡನೆಯ ಪ್ರತಿಜ್ಞೆಯನ್ನು ಕುರಿತು ಮಾತ್ರ ಇವು ಮೌನವಾಗಿವೆ. ಪಟ್ಟಾಭಿಷೇಕವಾದ ಮರುವರ್ಷ ಬರೆಸಿದ ಪ್ರಶಸ್ತಿಯನ್ನು ಓದಿ ಒಬ್ಬ ಅರಸನ ಇಡೀ ಆಳ್ವಿಕೆಯನ್ನು ವರ್ಣಿಸುವ ಇತಿಹಾಸಕಾರನನ್ನು ನಾವು ಒಪ್ಪುವುದಿಲ್ಲ. ಒಂದೆರಡು ವರ್ಷದ ತೂಕದ ಪಟ್ಟಿಯಿಂದ ಎಂಬತ್ತು ವರ್ಷದ ಆಯುಸ್ಸನ್ನು ಲೆಕ್ಕಹಾಕುವವರನ್ನೂ ಒಪ್ಪಲಾಗದು.

4

ಆಯುಸ್ಸಿನ ಪ್ರಶ್ನೆಗೆ ನೇರವಾಗಿ ಉತ್ತರ ಹುಡುಕಿದ ಎರಡು ಬೃಹತ್ ಅಧ್ಯಯನಗಳನ್ನು ಈಗ ನೋಡೋಣ. ಇವು ಒಂದರ ಹಿಂದೊಂದು ಬಂದು, ಮೇಲುನೋಟಕ್ಕೆ ಒಂದನ್ನೊಂದು ಖಂಡಿಸುತ್ತವೆ.

2017ರಲ್ಲಿ ಪ್ರಕಟವಾದ 'ಪ್ಯೂರ್' ಅಧ್ಯಯನವು, ಬೆಂಗಳೂರಿನಂಥ ನಮ್ಮ ಊರುಗಳೂ ಸೇರಿದಂತೆ, 18 ದೇಶಗಳ 1,35,335 ಜನರನ್ನು ಸರಾಸರಿ ಏಳು ವರ್ಷಕ್ಕಿಂತ ಸ್ವಲ್ಪ ಹೆಚ್ಚು ಕಾಲ ಗಮನಿಸಿತು. ಪಿಷ್ಟವನ್ನು ಅತಿ ಹೆಚ್ಚು ತಿಂದ ಐದನೆಯ ಒಂದು ಪಾಲಿನವರಲ್ಲಿ ಮರಣದ ಪ್ರಮಾಣ, ಅತಿ ಕಡಮೆ ತಿಂದವರಿಗಿಂತ ನೂರಕ್ಕೆ 28ರಷ್ಟು ಹೆಚ್ಚಾಗಿತ್ತು. ಅಲ್ಪಪಿಷ್ಟವಾದಿಗಳು ಇದನ್ನು ಜಯಪತ್ರವೆಂದು ಭಾವಿಸಿದರು. 2018ರಲ್ಲಿ ಸೈಡೆಲ್‌ಮನ್ ಮತ್ತು ಸಂಗಡಿಗರು, ಅಮೆರಿಕದ ನಾಲ್ಕು ಪ್ರದೇಶಗಳ 15,428 ಜನರನ್ನು ಸುಮಾರು 25 ವರ್ಷ ಗಮನಿಸಿದ ದಾಖಲೆಗಳನ್ನು ಪರಿಶೀಲಿಸಿ, ಆಹಾರದ ಶಕ್ತಿಯಲ್ಲಿ ನೂರಕ್ಕೆ 50ರಿಂದ 55ರಷ್ಟು ಪಿಷ್ಟದಿಂದ ಪಡೆದವರಲ್ಲಿ ಮರಣ ಅತಿ ಕಡಮೆಯೆಂದೂ, ಅದಕ್ಕಿಂತ ಬಹಳ ಹೆಚ್ಚಾದರೂ ಬಹಳ ಕಡಮೆಯಾದರೂ ಮರಣ ಏರುತ್ತದೆಂದೂ ತೋರಿಸಿದರು. ಅವರ ಲೆಕ್ಕದ ಪ್ರಕಾರ 50 ವರ್ಷದ ವ್ಯಕ್ತಿ ಮಧ್ಯಮ ಪ್ರಮಾಣದಲ್ಲಿ ಪಿಷ್ಟ ತಿಂದರೆ ಇನ್ನೂ 33 ವರ್ಷ, ತೀರ ಕಡಮೆ ತಿಂದರೆ 29 ವರ್ಷ, ತೀರ ಹೆಚ್ಚು ತಿಂದರೆ 32 ವರ್ಷ ಬದುಕಬಹುದು. ಪ್ರತಿಪಕ್ಷದವರು ಇದನ್ನು ಜಯಪತ್ರವಾಗಿ ಹಿಡಿದರು.

ಎರಡು ಜಯಪತ್ರಗಳನ್ನೂ ಪರೀಕ್ಷಿಸಿದರೆ ಜಯ ಯಾರದೂ ಅಲ್ಲವೆಂದು ಕಾಣುತ್ತದೆ. ಮೊದಲನೆಯದರಲ್ಲಿ ಪಿಷ್ಟವನ್ನು ಅತ್ಯಧಿಕವಾಗಿ ತಿಂದವರು ಬಹುಮಟ್ಟಿಗೆ ಏಷ್ಯದವರು, ಅವರಲ್ಲಿ ಅನೇಕರು ಬಡವರು. ಬರಿಯ ಅನ್ನವನ್ನೋ ರೊಟ್ಟಿಯನ್ನೋ ತಿಂದು ಬದುಕುವವನು ಹಾಗೆ ಮಾಡುವುದು ಆಯ್ಕೆಯಿಂದಲ್ಲ, ಬೇಳೆ ಹಾಲು ಹಣ್ಣುಗಳನ್ನು ಕೊಳ್ಳಲಾರದ ಸ್ಥಿತಿಯಿಂದ. ಅವನ ಮರಣಕ್ಕೆ ಪಿಷ್ಟ ಕಾರಣವೋ ದಾರಿದ್ರ್ಯ ಕಾರಣವೋ ಎಂಬುದನ್ನು ಅಂಕಿಗಳ ತಿದ್ದುಪಡಿಯಿಂದ ಪೂರ್ತಿಯಾಗಿ ಬೇರ್ಪಡಿಸುವುದು ಕಷ್ಟ. ಎರಡನೆಯದರಲ್ಲಿ ಪಿಷ್ಟವನ್ನು ಕಡಮೆ ತಿಂದವರಲ್ಲಿ ಧೂಮಪಾನಿಗಳೂ ಮಧುಮೇಹಿಗಳೂ ಸ್ಥೂಲಕಾಯರೂ ವ್ಯಾಯಾಮವಿಲ್ಲದವರೂ ಹೆಚ್ಚಾಗಿದ್ದರು. ಅವರು ಏನು ತಿನ್ನುತ್ತಿದ್ದರೆಂಬುದನ್ನು ಪ್ರಶ್ನಪತ್ರದ ಮೂಲಕ ಕೇಳಿ ಬರೆದುಕೊಂಡದ್ದು ಮೊದಲ ಆರೇಳು ವರ್ಷಗಳಲ್ಲಿ ಎರಡು ಸಲ ಮಾತ್ರ. ಮುಂದಿನ ವರ್ಷಗಳಲ್ಲಿ ಅವರು ಹಾಗೆಯೇ ಉಂಡರೆಂಬುದು ಊಹೆ. ಅಲ್ಲದೆ ಅಲ್ಲಿ ಅತಿ ಕಡಮೆ ತಿಂದ ಪಂಗಡವೂ ಸರಾಸರಿಯಲ್ಲಿ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಶಕ್ತಿಯನ್ನು ಪಿಷ್ಟದಿಂದಲೇ ಪಡೆಯುತ್ತಿತ್ತು. ಕಟ್ಟುನಿಟ್ಟಾಗಿ ಪಿಷ್ಟ ಬಿಟ್ಟವರ ವಿಷಯದಲ್ಲಿ ಈ ಅಧ್ಯಯನ ನೇರವಾಗಿ ಏನನ್ನೂ ಹೇಳಲಾರದು.

ಹಾಗಿದ್ದರೆ ಇವೆರಡರಿಂದಲೂ ಪ್ರಯೋಜನವಿಲ್ಲವೆ? ಇದೆ. ಸೈಡೆಲ್‌ಮನ್ನರ ಲೇಖನದಲ್ಲಿ, ಜಗಳದ ಗದ್ದಲದಲ್ಲಿ ಮರೆತುಹೋದ ಒಂದು ಭಾಗವಿದೆ. ಬಿಟ್ಟ ಪಿಷ್ಟದ ಸ್ಥಾನವನ್ನು ಪ್ರಾಣಿಜನ್ಯ ಕೊಬ್ಬು ಮಾಂಸಗಳಿಂದ ತುಂಬಿದವರಲ್ಲಿ ಮರಣ ನೂರಕ್ಕೆ 18ರಷ್ಟು ಹೆಚ್ಚು. ಸಸ್ಯಜನ್ಯ ಕಾಳು, ಬೀಜ, ಎಣ್ಣೆಗಳಿಂದ ತುಂಬಿದವರಲ್ಲಿ ಅಷ್ಟೇ ಕಡಮೆ. ಪಿಷ್ಟದ ಪ್ರಮಾಣ ಎರಡು ಕಡೆಯೂ ಇಳಿದಿದೆ. ಫಲ ಮಾತ್ರ ವಿರುದ್ಧ ದಿಕ್ಕಿಗೆ ಹೋಗಿದೆ. ಇದೂ ಪ್ರಶ್ನಪತ್ರಗಳ ಸಾಕ್ಷ್ಯವೇ, ಅದರ ಮಿತಿಗಳೆಲ್ಲ ಇದಕ್ಕೂ ಅನ್ವಯಿಸುತ್ತವೆ. ಆದರೂ ಇದು ನಮ್ಮನ್ನು ಸರಿಯಾದ ಪ್ರಶ್ನೆಯ ಕಡೆಗೆ ತಿರುಗಿಸುತ್ತದೆ. 'ಅಲ್ಪಪಿಷ್ಟ' ಎಂಬುದು ಒಂದು ನಿಷೇಧಾರ್ಥಕ ಹೆಸರು. ಏನನ್ನು ತೆಗೆದರೆಂದು ಅದು ಹೇಳುತ್ತದೆ. ಏನನ್ನು ಇಟ್ಟರೆಂದು ಹೇಳುವುದಿಲ್ಲ. ಒಂದು ರಾಜವಂಶ ಅಳಿಯಿತೆಂದು ಮಾತ್ರ ಬರೆದು, ಆ ಸಿಂಹಾಸನವನ್ನು ಯಾರು ಏರಿದರೆಂದು ಬರೆಯದ ಚರಿತ್ರೆ ಎಷ್ಟು ಅಪೂರ್ಣವೋ ಈ ಹೆಸರೂ ಅಷ್ಟೇ ಅಪೂರ್ಣ.

5

ಮನುಷ್ಯರ ಆಯುಸ್ಸು ದೀರ್ಘವಾದುದರಿಂದ ವಿಜ್ಞಾನಿಗಳು ಇಲಿಗಳನ್ನು ಆಶ್ರಯಿಸಿದ್ದಾರೆ. ಇಲ್ಲಿಯೂ ಸಾಕ್ಷ್ಯ ಎರಡಾಗಿ ಒಡೆದಿದೆ. 2014ರಲ್ಲಿ ಆಸ್ಟ್ರೇಲಿಯದ ವಿಜ್ಞಾನಿಗಳು 858 ಇಲಿಗಳಿಗೆ 25 ಬಗೆಯ ಆಹಾರ ಕೊಟ್ಟು ನೋಡಿದಾಗ, ಸಸಾರಜನಕ ಕಡಮೆಯಾಗಿ ಪಿಷ್ಟ ಹೆಚ್ಚಾಗಿದ್ದ ಆಹಾರ ತಿಂದವು ಹೆಚ್ಚುಕಾಲ ಬದುಕಿದುವು. 2017ರಲ್ಲಿ ಕ್ಯಾಲಿಫೋರ್ನಿಯದಿಂದ ಪ್ರಕಟವಾದ ಪ್ರಯೋಗವೊಂದರಲ್ಲಿ, ನಡುವಯಸ್ಸಿನಿಂದ ಪಿಷ್ಟವಿಲ್ಲದ ಕೊಬ್ಬಿನ ಆಹಾರ ತಿಂದ ಇಲಿಗಳ ಮಧ್ಯಮ ಆಯುಸ್ಸು ನೂರಕ್ಕೆ 13.6ರಷ್ಟು ಬೆಳೆಯಿತು. ಒಂದರಲ್ಲಿ ಇಲಿಗಳು ಇಷ್ಟಬಂದಷ್ಟು ತಿಂದುವು, ಇನ್ನೊಂದರಲ್ಲಿ ಅಳೆದು ಕೊಟ್ಟದ್ದನ್ನು ತಿಂದುವು ಎಂಬ ಭೇದವನ್ನು ಜನಪ್ರಿಯ ಲೇಖಕರು ಬಿಟ್ಟುಬಿಡುತ್ತಾರೆ. ತಮಗೆ ಬೇಕಾದ ಇಲಿಯನ್ನು ಆರಿಸಿಕೊಳ್ಳಲು ಇದರಿಂದ ಅವರಿಗೆ ಅನುಕೂಲ.

ಪಿಷ್ಟದ ಪಕ್ಷದವರು ಕರೆತರುವ ದೊಡ್ಡ ಸಾಕ್ಷಿ ಜಪಾನಿನ ಓಕಿನಾವ ದ್ವೀಪ. 1949ರ ಸುಮಾರಿನಲ್ಲಿ ಅಲ್ಲಿಯ ಜನ ಮುಖ್ಯವಾಗಿ ಗೆಣಸನ್ನು ತಿನ್ನುತ್ತಿದ್ದರು. ಶಕ್ತಿಯಲ್ಲಿ ನೂರಕ್ಕೆ 85ರಷ್ಟು ಪಿಷ್ಟದಿಂದಲೇ ಬರುತ್ತಿತ್ತು. ಆ ಪೀಳಿಗೆಯಲ್ಲಿ ಶತಾಯುಷಿಗಳು ಹೆಚ್ಚೆಂದು ಪ್ರಸಿದ್ಧಿ. ಆದರೆ ಪಕ್ಷಪಾತವಿಲ್ಲದ ವಿಮರ್ಶಕನು ಸ್ಟೆಫಾನ್ಸನನಿಗೆ ಹಾಕಿದ ಪ್ರಶ್ನೆಯನ್ನು ಇಲ್ಲಿಯೂ ಹಾಕಬೇಕು. 1945ರ ಯುದ್ಧದಲ್ಲಿ ಆ ದ್ವೀಪದ ಕುಟುಂಬ ದಾಖಲೆಗಳು ಬಹುಪಾಲು ಸುಟ್ಟುಹೋಗಿ, ಆಮೇಲೆ ಮತ್ತೆ ಬರೆಯಲ್ಪಟ್ಟುವು. ವಯಸ್ಸಿನ ಲೆಕ್ಕದಲ್ಲಿ ದೋಷಗಳಿರಬಹುದೆಂಬ ಶಂಕೆ ಈಚೆಗೆ ಬಲವಾಗಿ ಎದ್ದಿದೆ. ಇದಲ್ಲದೆ ಅವರು ಪಿಷ್ಟವನ್ನು ಹೆಚ್ಚಾಗಿ ತಿಂದರೂ ಒಟ್ಟು ಆಹಾರವನ್ನು ಕಡಮೆ ತಿಂದು, ಹೊಲಗಳಲ್ಲಿ ಮೈಮುರಿದು ದುಡಿದರು. ಗೆಣಸಿನ ಹಿರಿಮೆಯನ್ನು ಹಾಡುವವರು ದುಡಿಮೆಯನ್ನು ಬಿಟ್ಟು ಹಾಡುತ್ತಾರೆ.

6

ಕೊನೆಯದಾಗಿ, ಈ ಪ್ರಶ್ನೆ ನಮ್ಮ ನಾಡಿಗೆ ಏಕೆ ಮುಖ್ಯ ಎಂಬುದನ್ನು ಹೇಳಬೇಕು. ಭಾರತೀಯ ವೈದ್ಯಕೀಯ ಸಂಶೋಧನ ಮಂಡಲಿಯ ನೆರವಿನಿಂದ ನಡೆದ ಸಮೀಕ್ಷೆ 2023ರಲ್ಲಿ ಪ್ರಕಟಿಸಿದಂತೆ ದೇಶದ ವಯಸ್ಕರಲ್ಲಿ ನೂರಕ್ಕೆ 11.4 ಮಂದಿ ಮಧುಮೇಹಿಗಳು. ಅದೇ ಸಮೀಕ್ಷೆಯ 2025ರ ವರದಿಯ ಪ್ರಕಾರ ನಮ್ಮ ಆಹಾರದ ಶಕ್ತಿಯಲ್ಲಿ ನೂರಕ್ಕೆ ಸುಮಾರು 62ರಷ್ಟು ಪಿಷ್ಟದಿಂದ ಬರುತ್ತದೆ. ಪಿಷ್ಟವನ್ನು ಕಡಮೆಮಾಡಬೇಕೆಂಬ ಮಾತಿಗೆ ಇಲ್ಲಿ ಇತರ ದೇಶಗಳಿಗಿಂತ ಹೆಚ್ಚು ಅರ್ಥವಿದೆ. ಬಿಳಿಯಕ್ಕಿಯ ಬದಲು ಇಡಿಗೋಧಿಯ ಅಥವಾ ಸಿರಿಧಾನ್ಯಗಳ ಹಿಟ್ಟನ್ನು ಇಟ್ಟರೆ ಅಪಾಯ ಕಡಮೆಯಾದಂತೆ ಆ ವರದಿಯಲ್ಲಿ ಕಾಣುವುದಿಲ್ಲ. ಬೇಳೆಕಾಳು, ಹಾಲು ಮೊದಲಾದುವುಗಳ ಸಸಾರಜನಕವನ್ನು ಇಟ್ಟರೆ ಕಡಮೆಯಾದಂತೆ ಕಾಣುತ್ತದೆ. ರಾಗಿ ಜೋಳಗಳನ್ನು ಕೊಂಡಾಡುವ ನಮಗೆ ಇದು ಕಹಿಯಾದರೂ ವಿಚಾರಮಾಡಬೇಕಾದ ಮಾತು. ಇದು ಒಂದು ಕಾಲದ ಚಿತ್ರವೇ ಹೊರತು ಬಹುಕಾಲದ ಅನುಸರಣೆಯಲ್ಲವಾದುದರಿಂದ ಇದನ್ನೂ ಅಂತಿಮ ತೀರ್ಪೆಂದು ಭಾವಿಸಲಾಗದು. ಇದೇ ಸಮೀಕ್ಷೆಯ ಸುಮಾರು 18,000 ಜನರ ಆಹಾರವನ್ನು ಆಧಾರವಾಗಿಟ್ಟು 2022ರಲ್ಲಿ ಮಾಡಿದ ಲೆಕ್ಕವು ಹೊಸದಾಗಿ ಮಧುಮೇಹ ಬಂದವರಿಗೆ ಪಿಷ್ಟವನ್ನು ನೂರಕ್ಕೆ 49ರಿಂದ 54ಕ್ಕೆ ಇಳಿಸುವಂತೆ ಸೂಚಿಸಿತು. ಈ ಮಿತಿ ಅಟ್ಕಿನ್ಸನ ಪುಸ್ತಕದಿಂದ ಬಹುದೂರ. ಸೈಡೆಲ್‌ಮನ್ನರ ಮಧ್ಯಮಮಾನಕ್ಕೆ ಬಹು ಹತ್ತಿರ.

ಇಲ್ಲಿ ತಪ್ಪು ತೀರ್ಮಾನದ ಬೆಲೆ ಕಾಗದದ ಮೇಲಿನದಲ್ಲ. ಇನ್ಸುಲಿನ್ನನ್ನೋ ಕೆಲವು ಬಗೆಯ ಮಾತ್ರೆಗಳನ್ನೋ ತೆಗೆದುಕೊಳ್ಳುವ ವೃದ್ಧನು ಪುಸ್ತಕವನ್ನು ನಂಬಿ ವೈದ್ಯನಿಗೆ ತಿಳಿಸದೆ ಅನ್ನವನ್ನು ಒಮ್ಮೆಗೇ ಬಿಟ್ಟರೆ, ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು; ಬೇರೆ ಕೆಲವು ಮಾತ್ರೆಗಳಾದರೆ ರಕ್ತ ಆಮ್ಲೀಯವಾಗುವ ಭಯವಿದೆ. ಇನ್ನೊಂದು ಕಡೆ, ಈ ಪಥ್ಯವೆಲ್ಲ ಬರಿಯ ಹುಚ್ಚು ಎಂದು ತಳ್ಳಿಹಾಕುವವನು ಹೊಸ ಮಧುಮೇಹಿಗೆ ದೊರೆಯಬಹುದಾದ ನಿಜವಾದ ಸಹಾಯವನ್ನು ತಪ್ಪಿಸುತ್ತಾನೆ. ಭಕ್ತನೂ ನಿಂದಕನೂ ಇಲ್ಲಿ ಸಮಾನವಾಗಿ ಹಾನಿಮಾಡಬಲ್ಲರು.

ಆದುದರಿಂದ ನಮ್ಮ ನಿರ್ಣಯವನ್ನು ಹೀಗೆ ಸಂಗ್ರಹಿಸಬಹುದು. ಪಿಷ್ಟವನ್ನು ಇಳಿಸುವುದರಿಂದ ತಿಂಗಳುಗಳ, ಒಂದೆರಡು ವರ್ಷಗಳ ಅವಧಿಯಲ್ಲಿ ತೂಕವೂ ಸಕ್ಕರೆಯೂ ಇಳಿಯಬಹುದೆಂಬುದು ಸಿದ್ಧವಾಗಿದೆ. ಅದರಿಂದ ಮುಪ್ಪು ತಡವಾಗುತ್ತದೆ, ಆಯುಸ್ಸು ಬೆಳೆಯುತ್ತದೆ ಎಂಬುದು ಮನುಷ್ಯರ ವಿಷಯದಲ್ಲಿ ಸಿದ್ಧವಾಗಿಲ್ಲ. ಎಲ್ಲ ಬಗೆಯ ಅಲ್ಪಪಿಷ್ಟ ಆಹಾರವೂ ಆಯುಸ್ಸನ್ನು ಕುಗ್ಗಿಸುತ್ತದೆಂಬುದೂ ಸಿದ್ಧವಾಗಿಲ್ಲ. ದೊರೆತಿರುವ ದೀರ್ಘಕಾಲದ ಸಾಕ್ಷ್ಯವು, ಅದರ ಎಲ್ಲ ಕುಂದುಗಳೊಡನೆ, ಪಿಷ್ಟದ ಅಳತೆಗಿಂತ ಅದರ ಸ್ಥಾನಕ್ಕೆ ಬಂದ ವಸ್ತುವಿನ ಕಡೆಗೆ ಹೆಚ್ಚಾಗಿ ಬೆರಳು ತೋರುತ್ತದೆ. ಮುಂದೆ ಇಂಥ ಗ್ರಂಥವೊಂದು ವಿದ್ಯಾರ್ಥಿಗಳ ಕೈಗೆ ಬಂದಾಗ, ಲೇಖಕನು ಎಷ್ಟು ವರ್ಷ ನೋಡಿ ಎಷ್ಟು ವರ್ಷಕ್ಕೆ ಭರವಸೆ ಕೊಡುತ್ತಿದ್ದಾನೆ, ತಟ್ಟೆಯಿಂದ ತೆಗೆದುದರ ಸ್ಥಾನದಲ್ಲಿ ಏನನ್ನು ಇಡುತ್ತಿದ್ದಾನೆ ಎಂಬ ಎರಡು ಪ್ರಶ್ನೆಗಳನ್ನು ಅವರು ಕೇಳುವಂತಾಗಬೇಕು. ಪಥ್ಯವನ್ನು ಆರಿಸುವ ಕೆಲಸ ಅಲ್ಲಿಂದ ಮುಂದೆ ಅವರಿಗೂ ಅವರ ವೈದ್ಯರಿಗೂ ಸೇರಿದ್ದು.